ಹಿಡಿದದ್ದು ಕಾಣುತ್ತದೆ, ಬಿಟ್ಟದ್ದು ಕಾಣುವುದಿಲ್ಲ

ಮಾಘ ಕಳೆದು ಫಾಲ್ಗುಣ ಬರುವ ಹೊತ್ತಿಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಜಾತ್ರೆಗಳ ಸಾಲು. ಕೊಟ್ಟೂರಿನ ಗುರು ಬಸವೇಶ್ವರನ ತೇರು, ಮೈಲಾರದ ಕಾರಣಿಕ, ಕುರುವತ್ತಿ ಬಸವಣ್ಣನ ಪರಿಷೆ ಒಂದರ ಹಿಂದೊಂದು ಬರುತ್ತವೆ. ಊರೂರಿನ ಸಣ್ಣ ಜಾತ್ರೆಗಳಿಗಂತೂ ಲೆಕ್ಕವಿಲ್ಲ. ತೇರು ಎಳೆದು ಮುಗಿದ ಮೇಲೆ ಎಷ್ಟೋ ಊರುಗಳಲ್ಲಿ ಮಣ್ಣು ಹದ ಮಾಡಿ, ಸುಣ್ಣದ ಗೆರೆ ಎಳೆದು, ಕಂಬಕ್ಕೆ ದೀಪ ಕಟ್ಟಿ 'ಹೊನಲು ಬೆಳಕಿನ ಕಬಡ್ಡಿ' ನಡೆಸುತ್ತಾರೆ. ಪಂದ್ಯ ಮುಗಿದರೂ ಅದರ ಮಾತು ಮುಗಿಯುವುದಿಲ್ಲ. ಮಾರನೇ ದಿನ ಚಹಾದಂಗಡಿಯಲ್ಲಿ ಯಾವನೋ ಒಬ್ಬ ಕಾಲೇಜು ಹುಡುಗನ ಹೆಸರು ಓಡಾಡುತ್ತಿರುತ್ತದೆ. "ನಾಲ್ಕು ರೈಡರ್‌ಗಳನ್ನ ಹಿಡಿದನಲ್ಲ, ಇವನು ಪ್ರೊ ಕಬಡ್ಡಿಗೆ ಹೋಗೋದು ಗ್ಯಾರಂಟಿ" ಎಂದು ಒಬ್ಬರು. "ಮೈಯಿ ಸಾಲದು ಬಿಡ್ರಿ" ಎಂದು ಇನ್ನೊಬ್ಬರು.

ಇಬ್ಬರೂ ಒಬ್ಬ ಹುಡುಗನ ಮುಂದಿನ ಹತ್ತು ವರ್ಷವನ್ನು ಅಳೆಯುತ್ತಿದ್ದಾರೆ. ಒಬ್ಬರ ಕೈಯಲ್ಲಿರುವುದು ಒಂದು ರಾತ್ರಿಯ ಲೆಕ್ಕ, ಇನ್ನೊಬ್ಬರ ಕೈಯಲ್ಲಿರುವುದು ಕಣ್ಣಳತೆಯ ತೂಕ. ಕಬಡ್ಡಿಯಲ್ಲಿ ರೈಡರ್‌ನನ್ನು ಅಳೆಯಲು ಇಷ್ಟು ಸಾಕಾದೀತು. ಡಿಫೆಂಡರ್‌ನನ್ನು, ಅಂದರೆ ನಮ್ಮ ಕಡೆ 'ಕ್ಯಾಚರ್' ಎಂದು ಕರೆಯುವ ಆಟಗಾರನನ್ನು ಅಳೆಯಲು ಇದು ಏನೇನೂ ಸಾಲದು. ಯಾಕೆ ಸಾಲದು, ಹಾಗಾದರೆ ಏನನ್ನು ನೋಡಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಂದು ತಪ್ಪಿಗೆ ಎರಡು ದಂಡ

ರೈಡರ್ ಎದುರಾಳಿ ಅಂಕಣಕ್ಕೆ ಹೋಗಿ ಬರಿಗೈಲಿ ವಾಪಸಾದರೆ ತಂಡಕ್ಕೆ ನಷ್ಟವೇನೂ ಇಲ್ಲ. ಡಿಫೆಂಡರ್‌ನ ಕತೆ ಬೇರೆ. ಅವನು ಹಿಡಿಯಲು ಹೋಗಿ ಕೈತಪ್ಪಿದರೆ ಎದುರಾಳಿಗೆ ಒಂದು ಅಂಕ ಹೋಗುತ್ತದೆ, ತಾನೂ ಅಂಕಣದಿಂದ ಹೊರಗೆ ಹೋಗಬೇಕಾಗುತ್ತದೆ. ಅವನಿಗೆ ನೆರವಾಗಲು ನುಗ್ಗಿದ ಇನ್ನಿಬ್ಬರನ್ನು ರೈಡರ್ ಮುಟ್ಟಿಕೊಂಡು ಗೆರೆ ದಾಟಿದರೆ ಆ ಇಬ್ಬರೂ ಔಟ್. ಒಬ್ಬನ ಆತುರಕ್ಕೆ ಮೂರು ಅಂಕ, ಮೂರು ಜನ ಕಳೆದುಹೋಗುತ್ತಾರೆ. ಎದುರಾಳಿಯ ಆಟಗಾರ ಔಟಾದಾಗ ಮಾತ್ರ ಹೊರಗೆ ಕೂತವರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಅಷ್ಟರೊಳಗೆ ಉಳಿದವರೂ ಔಟಾದರೆ ಎದುರಾಳಿಗೆ ಲೋನಾದ ಎರಡು ಅಂಕ ಬೇರೆ.

ಉದಾಹರಣೆಗೆ ಇಬ್ಬರು ಹುಡುಗರನ್ನು ಇಟ್ಟುಕೊಳ್ಳೋಣ. ಮೊದಲನೆಯವನು ಒಂಬತ್ತು ಸಲ ಮೇಲೆ ಬಿದ್ದ. ನಾಲ್ಕು ಸಲ ಹಿಡಿದ, ಐದು ಸಲ ಬಿಟ್ಟ. ಎರಡನೆಯವನು ನಾಲ್ಕೇ ಸಲ ಕೈಹಾಕಿದ. ಮೂರು ಸಲ ಹಿಡಿದ, ಒಂದು ಸಲ ಬಿಟ್ಟ. ಮೊದಲನೆಯವನು ತಂಡಕ್ಕೆ ನಾಲ್ಕು ಅಂಕ ತಂದು, ಎದುರಾಳಿಗೆ ಕನಿಷ್ಠ ಐದು ಅಂಕ ಕೊಟ್ಟು, ಐದು ಸಲ ಹೊರಗೆ ಕೂತ. ಎರಡನೆಯವನು ಮೂರು ತಂದ, ಒಂದು ಕೊಟ್ಟ, ಹೆಚ್ಚು ಹೊತ್ತು ಅಂಕಣದಲ್ಲೇ ಉಳಿದ. ಮಾರನೇ ದಿನ ಚಹಾದಂಗಡಿಯಲ್ಲಿ ಹೆಸರಾಗುವುದು ಮೊದಲನೆಯವನದು. ಯಾಕೆಂದರೆ ಹಿಡಿದಾಗ ಸಿಳ್ಳೆ ಬೀಳುತ್ತದೆ, ಬಿಟ್ಟಾಗ ಜನ ರೈಡರ್‌ನ ಹೆಸರು ಕೂಗುತ್ತಾರೆ. ಸೋತ ಹಿಡಿತ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಪ್ರೊ ಕಬಡ್ಡಿಯಲ್ಲಿ ಈ ಲೆಕ್ಕ ಇಡುತ್ತಾರೆ. ಎಷ್ಟು ಟ್ಯಾಕಲ್‌ಗೆ ಹೋದ, ಎಷ್ಟು ಗೆದ್ದ ಎಂಬ ಎರಡೂ ಅಂಕಿ ಪ್ರತಿ ಆಟಗಾರನ ಹೆಸರಿನ ಮುಂದೆ ಇರುತ್ತವೆ. ಹೆಸರಾಂತ ಡಿಫೆಂಡರ್‌ಗಳೂ ಹತ್ತರಲ್ಲಿ ನಾಲ್ಕೈದು ಸಲ ಸೋಲುತ್ತಾರೆ ಎಂಬುದು ಅದರಿಂದಲೇ ನಮಗೆ ಗೊತ್ತಾಗುವುದು. ಆರನೇ ಆವೃತ್ತಿಯಲ್ಲಿ ಯು.ಪಿ. ಯೋಧಾ ತಂಡದ ನಿತೇಶ್ ಕುಮಾರ್ ಒಂದೇ ಆವೃತ್ತಿಯಲ್ಲಿ 100 ಟ್ಯಾಕಲ್ ಅಂಕ ಮುಟ್ಟಿದ ಮೊದಲಿಗರಾದರು. ಆ ದಾಖಲೆಯ ಆಟದಲ್ಲಿ ಪಂದ್ಯಕ್ಕೆ ಬಿದ್ದ ಸರಾಸರಿ ನಾಲ್ಕು ಅಂಕ. ರೈಡರ್ ಒಬ್ಬ ಪಂದ್ಯಕ್ಕೆ ಹತ್ತು ಅಂಕ ತಂದರೆ ಅದು ಮಾಮೂಲಿ ಸುದ್ದಿ; ಡಿಫೆಂಡರ್‌ಗೆ ನಾಲ್ಕೇ ಶಿಖರ. ಹೀಗಿರುವಾಗ ಒಂದು ರಾತ್ರಿಯ ನಾಲ್ಕು ಹಿಡಿತ ನೋಡಿ ಭವಿಷ್ಯ ಹೇಳುವುದು ಅವಸರದ ಮಾತು.

ಮೂವತ್ತು ಸೆಕೆಂಡಿನೊಳಗೆ ಏನಾಗುತ್ತದೆ

ಒಂದು ರೈಡ್‌ಗೆ ಸಿಗುವುದು 30 ಸೆಕೆಂಡು. ಹಿರಿಯ ಪುರುಷರ ಅಂಕಣದಲ್ಲಿ ನಡುಗೆರೆಯಿಂದ 3.75 ಮೀಟರ್ ದೂರಕ್ಕೆ ಬಾಕ್ ಲೈನ್, ಅಲ್ಲಿಂದ ಇನ್ನೊಂದು ಮೀಟರ್‌ಗೆ ಬೋನಸ್ ಲೈನ್. ಎದುರು ಆರು ಅಥವಾ ಏಳು ಜನ ಇದ್ದಾಗ, ಒಂದು ಕಾಲನ್ನು ಬೋನಸ್ ಗೆರೆಯ ಆಚೆ ಊರಿ ಇನ್ನೊಂದು ಕಾಲನ್ನು ಗಾಳಿಯಲ್ಲಿ ಎತ್ತಿದರೆ ರೈಡರ್‌ಗೆ ಒಂದು ಅಂಕ. ಅಂಕಣದ ಮೂಲೆಯಲ್ಲಿ ನಿಲ್ಲುವ ಒಳ್ಳೆಯ ಡಿಫೆಂಡರ್, ಅಂದರೆ ಮೂಲೆ ಆಟಗಾರ, ಕಾಯುವುದು ಆ ಗಳಿಗೆಗೆ. ಆಗ ರೈಡರ್‌ನ ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ನಿಂತಿರುತ್ತದೆ. ಆ ಕಾಲಿನ ಹರಡು ಸಿಕ್ಕರೆ ರೈಡರ್ ವಾಪಸ್ ಹೋಗಲು 4.75 ಮೀಟರ್ ಎಳೆದಾಡಬೇಕು.

ಆದರೆ ಹರಡು ಹಿಡಿದಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಬಲವಾದ ರೈಡರ್ ಒಂದು ಸೆಕೆಂಡಿನಲ್ಲಿ ಕಾಲು ಒದ್ದು ಬಿಡಿಸಿಕೊಳ್ಳುತ್ತಾನೆ, ಇಲ್ಲವೇ ಹಿಡಿದವನನ್ನೂ ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ. ಆ ಒಂದು ಸೆಕೆಂಡಿನೊಳಗೆ ಮೂಲೆಯವನ ಒಳಬದಿಗೆ ನಿಲ್ಲುವ 'ಕವರ್' ಆಟಗಾರ ಬಂದು ಎದೆಗೆ ಅಡ್ಡ ನಿಲ್ಲಬೇಕು ಅಥವಾ ತಳ್ಳಿ ಹೊರಗೆ ಹಾಕಬೇಕು. ಕವರ್ ಬರುವುದು ಅರ್ಧ ಸೆಕೆಂಡು ತಡವಾದರೆ ಹಿಡಿತ ಹೋಯಿತು. ಅರ್ಧ ಸೆಕೆಂಡು ಮೊದಲೇ ಬಂದರೆ ರೈಡರ್ ಕಾಲು ಊರುವ ಮೊದಲೇ ಹಿಂದೆ ಜಿಗಿದ. ಅಂಕಪಟ್ಟಿಯಲ್ಲಿ ಬರುವುದು ಒಬ್ಬನ ಹೆಸರು. ಹಿಡಿದವರು ಇಬ್ಬರು, ಎಷ್ಟೋ ಸಲ ಮೂವರು.

ಆದ್ದರಿಂದ ಮೂಲೆಯಲ್ಲಿ ನಿಂತ ಹುಡುಗನನ್ನು ನೋಡುವವರು ಅವನ ಕೈಯ ಬದಲು ಮೊದಲು ಕಾಲು ನೋಡಬೇಕು. ರೈಡರ್ ಅತ್ತಿತ್ತ ತೂಗಿದಾಗ ಅವನ ಹೆಜ್ಜೆ ಅಡ್ಡಗಾಲಾಗುತ್ತದೆಯೋ, ಜಾರಿ ಸರಿಯುತ್ತದೆಯೋ? ಹಿಮ್ಮಡಿ ನೆಲಕ್ಕೆ ಅಂಟಿದೆಯೋ, ಮುಂಗಾಲಿನ ಮೇಲೆ ನಿಂತಿದ್ದಾನೋ? ಕಣ್ಣು ರೈಡರ್‌ನ ಮುಖದ ಮೇಲಿದೆಯೋ, ಸೊಂಟದ ಮೇಲಿದೆಯೋ? ಮುಖ ಸುಳ್ಳು ಹೇಳುತ್ತದೆ, ಕೈ ಸುಳ್ಳು ಹೇಳುತ್ತದೆ. ಸೊಂಟ ತಿರುಗದೆ ಯಾವ ರೈಡರ್ ಕೂಡ ತಿರುಗಲಾರ. ಕವರ್‌ನಲ್ಲಿ ನಿಂತವನಾದರೆ ಅವನ ಒಂದು ಕಣ್ಣು ಸದಾ ಮೂಲೆಯವನ ಮೇಲಿರಬೇಕು. ಮೂಲೆಯವನು ಬಗ್ಗಿದ ಕೂಡಲೇ ಇವನು ಹೊರಡಬೇಕು, ಕೂಗಿ ಕರೆಯುವ ತನಕ ಕಾಯಬಾರದು.

ಇನ್ನೊಂದು ಸಣ್ಣ ಪರೀಕ್ಷೆ ಇದೆ. ಅಂಕಣದ ಎರಡು ಬದಿಗೂ ಒಂದೊಂದು ಮೀಟರ್ ಅಗಲದ ಲಾಬಿ. ರೈಡರ್‌ಗೂ ಡಿಫೆಂಡರ್‌ಗೂ ಸ್ಪರ್ಶವಾದ ಮೇಲಷ್ಟೇ ಅದು ಆಟದ ಜಾಗ. ಅದಕ್ಕೆ ಮೊದಲೇ ಕಾಲಿಟ್ಟವನು ಯಾರೂ ಮುಟ್ಟದೆಯೇ ಔಟ್. ಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆ ಅರ್ಧ ಅಳಿಸಿರುತ್ತದೆ, ಅಂಪೈರ್ ಕೂಡ ಕೆಲವೊಮ್ಮೆ ಕಂಡೂ ಕಾಣದಂತಿರುತ್ತಾರೆ. ಅಂಥ ಕಡೆಯೂ ಗೆರೆಯ ಒಳಗೇ ಕಾಲಿಟ್ಟುಕೊಂಡು ಆಡುವ ಹುಡುಗ ಸಿಕ್ಕರೆ ಅವನ ಹೆಸರು ಬರೆದಿಟ್ಟುಕೊಳ್ಳಬೇಕು. ನೋಡುವವರಿಲ್ಲದಾಗಲೂ ಶಿಸ್ತಿನಿಂದ ಆಡಿದವನು ದೊಡ್ಡ ಪಂದ್ಯಗಳ ಮ್ಯಾಟ್‌ಗೆ ಬೇಗ ಹೊಂದಿಕೊಳ್ಳುತ್ತಾನೆ.

ಹಿಡಿಯದೆ ಗೆಲ್ಲುವುದು

ಪ್ರೊ ಕಬಡ್ಡಿಯ ನಿಯಮದ ಪ್ರಕಾರ ಒಂದು ತಂಡದ ಎರಡು ರೈಡ್ ಸತತವಾಗಿ ಬರಿಗೈ ಆದರೆ ಮೂರನೆಯದು 'ಡೂ ಆರ್ ಡೈ'. ಆ ರೈಡ್‌ನಲ್ಲಿ ಅಂಕ ತರದಿದ್ದರೆ ರೈಡರ್ ತಾನಾಗಿಯೇ ಔಟ್. ಇದರ ಅರ್ಥವೇನು? ಮೊದಲೆರಡು ರೈಡ್‌ಗಳಲ್ಲಿ ಡಿಫೆಂಡರ್‌ಗಳು ಕೈಹಾಕದೆ, ಬೋನಸ್ಸೂ ಕೊಡದೆ, ಅಂತರ ಕಾಯ್ದುಕೊಂಡು ನಿಂತರೆ ಮೂರನೇ ಸಲ ರೈಡರ್ ಬೇಕೋ ಬೇಡವೋ ಆಳಕ್ಕೆ ಬರಲೇಬೇಕು. ಆಗ ಆಟ ಡಿಫೆಂಡರ್‌ನ ಕೈಗೆ ಬಂತು. ಮೊದಲೆರಡು ರೈಡ್‌ನಲ್ಲಿ ಸುಮ್ಮನಿದ್ದವನೇ ಮೂರನೆಯದರ ಅಂಕಕ್ಕೆ ಕಾರಣ.

ಸೂಪರ್ ಟ್ಯಾಕಲ್ ಕೂಡ ಹೀಗೆಯೇ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ಹಿಡಿದರೆ ಒಂದರ ಬದಲು ಎರಡು ಅಂಕ. ಇಬ್ಬರೇ ಉಳಿದ ಹೊತ್ತಿನಲ್ಲಿ ಒಬ್ಬ ಹುಡುಗ ಹೇಗೆ ಆಡುತ್ತಾನೆ ಎನ್ನುವುದು, ಏಳೂ ಜನ ಇದ್ದಾಗ ಅವನು ಹಿಡಿದ ನಾಲ್ಕು ಹಿಡಿತಕ್ಕಿಂತ ಹೆಚ್ಚು ಹೇಳುತ್ತದೆ. ಭಯಬಿದ್ದವನು ಆಗ ಎರಡರಲ್ಲಿ ಒಂದು ಮಾಡುತ್ತಾನೆ: ಹಿಂದಿನ ಗೆರೆಗೆ ಅಂಟಿಕೊಳ್ಳುತ್ತಾನೆ, ಇಲ್ಲವೇ ಕಣ್ಣುಮುಚ್ಚಿ ಮೇಲೆ ಬೀಳುತ್ತಾನೆ. ಆಟ ಬಲ್ಲವನು ರೈಡರ್‌ಗೆ ಒಂದು ದಿಕ್ಕು ಬಿಟ್ಟುಕೊಟ್ಟಂತೆ ಮಾಡಿ ಅದೇ ದಿಕ್ಕಿನಲ್ಲಿ ಕಾಯುತ್ತಾನೆ.

ನಮ್ಮ ಹುಡುಗರ ಆಟ ನೋಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇವನು ಎಷ್ಟು ಹಿಡಿತಗಳನ್ನು ಬೇಕೆಂದೇ ಬಿಟ್ಟ? ಜನ "ಹಿಡಿಯೋ, ಹಿಡಿಯೋ" ಎಂದು ಕೂಗುವಾಗಲೂ ಕಾಲು ಕದಲಿಸದೆ ನಿಂತಿದ್ದನೇ? ಹದಿನೆಂಟರ ಹುಡುಗನಲ್ಲಿ ಈ ತಾಳ್ಮೆ ಅಪರೂಪ. ಶಕ್ತಿಯನ್ನು ನಾಲ್ಕು ವರ್ಷದಲ್ಲಿ ಬೆಳೆಸಬಹುದು. ತಾಳ್ಮೆಯನ್ನು ಬೆಳೆಸುವುದು ಅದಕ್ಕಿಂತ ಕಷ್ಟ.

ಮೈಯಿ ಸಾಲದು ಎನ್ನುವ ಮಾತು

ಇನ್ನು ತೂಕದ ವಿಚಾರ. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಕೊಂಬು ನೋಡಿ ಮರುಳಾಗುವುದಿಲ್ಲ. ಹಲ್ಲು ಎಣಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹುಡುಗರ ವಿಷಯದಲ್ಲಿ ಮಾತ್ರ ನಾವು ಭುಜ, ತೊಡೆ ನೋಡಿ ಮಾತು ಮುಗಿಸುತ್ತೇವೆ.

ಕಬಡ್ಡಿಯಲ್ಲಿ ತೂಕಕ್ಕೆ ಮೇಲ್ಮಿತಿ ಇದೆ. ಹಿರಿಯ ಪುರುಷರಿಗೆ 85 ಕೆ.ಜಿ., ಹಿರಿಯ ಮಹಿಳೆಯರಿಗೆ 75 ಕೆ.ಜಿ. ಕಿರಿಯರ ವಿಭಾಗಗಳಲ್ಲಿ ಇನ್ನೂ ಕಡಿಮೆ. ಆದ್ದರಿಂದ ಇಲ್ಲಿ ದಪ್ಪವಾದಷ್ಟೂ ಲಾಭ ಎಂಬ ಲೆಕ್ಕ ನಡೆಯುವುದಿಲ್ಲ. ಹದಿನೇಳರಲ್ಲೇ ಮೈ ತುಂಬಿ, ಮೀಸೆ ಬಲಿತು ನಿಂತ ಹುಡುಗ ತನ್ನ ಓರಗೆಯವರನ್ನು ಸುಲಭವಾಗಿ ಹಿಡಿಯುತ್ತಾನೆ. ಆದರೆ ಅವನು ಬೆಳೆಯುವುದು ಅಲ್ಲಿಗೇ ಮುಗಿದಿರಬಹುದು. ಅದೇ ವಯಸ್ಸಿನಲ್ಲಿ ಉದ್ದ ಕೈಕಾಲು, ಅಗಲ ಮಣಿಕಟ್ಟು ಇದ್ದು 60 ಕೆ.ಜಿ. ತೂಗುವ ಸಪೂರ ಹುಡುಗ ಇಪ್ಪತ್ತೆರಡರ ಹೊತ್ತಿಗೆ ಅವನನ್ನು ದಾಟಿ ಹೋಗಬಹುದು.

ಇದಕ್ಕೆ ನಮ್ಮ ಕಡೆಯ ಇನ್ನೊಂದು ತೊಡಕು ಸೇರುತ್ತದೆ. ಶಾಲೆಗೆ ಸೇರಿಸುವಾಗ ಅಂದಾಜಿನ ಮೇಲೆ ಬರೆಸಿದ ಜೂನ್ ಒಂದರ ಹುಟ್ಟುದಿನಗಳು ಹಳ್ಳಿಗಳಲ್ಲಿ ಹೊಸತಲ್ಲ. ದಾಖಲೆಯಲ್ಲಿ ಹದಿನಾರು ಇದ್ದವನಿಗೆ ನಿಜದಲ್ಲಿ ಹದಿನೆಂಟು ನಡೆಯುತ್ತಿದ್ದರೆ ಅವನ ಆಟಕ್ಕೆ ಎರಡು ವರ್ಷದ ಮುಂಗಡ ಸಿಕ್ಕಂತೆ. ಕಿರಿಯರ ವಿಭಾಗದಲ್ಲಿ ಮಿಂಚಿದ ಎಷ್ಟೋ ಹುಡುಗರು ಹಿರಿಯರ ವಿಭಾಗಕ್ಕೆ ಬಂದ ಮೇಲೆ ಕಾಣದೇ ಹೋಗುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಹುಡುಗ ತನಗಿಂತ ದೊಡ್ಡವರ ಎದುರು ಹೇಗೆ ಆಡಿದ ಎಂಬುದನ್ನೇ ಪ್ರಮಾಣ ಮಾಡಿಕೊಳ್ಳುವುದು ಒಳ್ಳೆಯದು. ಓರಗೆಯವರ ಎದುರು ನಾಲ್ಕು ಹಿಡಿದವನಿಗಿಂತ, ಪೊಲೀಸ್ ಅಥವಾ ಬ್ಯಾಂಕ್ ತಂಡದ ಅನುಭವಿ ರೈಡರ್ ಎದುರು ಒಂದು ಹಿಡಿದು ಮೂರು ಸಲ ಬರಿಗೈಲಿ ಕಳಿಸಿದವನ ತೂಕ ಹೆಚ್ಚು.

ಬಲ್ಲವರೂ ಎಡವಿದ್ದಾರೆ

ಚಹಾದಂಗಡಿಯ ಅಂದಾಜು ತಪ್ಪುವುದರಲ್ಲಿ ನಾಚಿಕೆಯೇನಿಲ್ಲ. ಕೋಟಿ ಲೆಕ್ಕದಲ್ಲಿ ಹಣ ಹಾಕುವವರ ಅಂದಾಜೂ ತಪ್ಪುತ್ತದೆ. 2015ರಲ್ಲಿ ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್ ತಂಡದಲ್ಲಿ ಪರ್ದೀಪ್ ನರ್ವಾಲ್ ಎಂಬ ಹರಿಯಾಣದ ಹುಡುಗನಿದ್ದ. ಬೆರಳೆಣಿಕೆಯ ಪಂದ್ಯ ಆಡಿದ, ಗಮನ ಸೆಳೆಯಲಿಲ್ಲ. ಮುಂದಿನ ಆವೃತ್ತಿಗೆ ಪಟ್ನಾ ಪೈರೇಟ್ಸ್ ಸೇರಿದ. 'ಡುಬ್ಕಿ ಕಿಂಗ್' ಎಂಬ ಹೆಸರು ಬಂತು. ಐದನೇ ಆವೃತ್ತಿಯಲ್ಲಿ ಅವನೊಬ್ಬನೇ 369 ರೈಡ್ ಅಂಕ ಕಲೆಹಾಕಿದ. ಪವನ್ ಸೆಹ್ರಾವತ್ ವಿಷಯದಲ್ಲಿ ಇದು ತಿರುವುಮುರುವಾಯಿತು. ಐದನೇ ಆವೃತ್ತಿಯಲ್ಲಿ ಗುಜರಾತ್ ತಂಡದಲ್ಲಿ ಅವರಿಗೆ ಸಿಕ್ಕ ಅವಕಾಶವೂ ಅಷ್ಟಕ್ಕಷ್ಟೆ, ಬಂದ ಅಂಕವೂ ಅಷ್ಟಕ್ಕಷ್ಟೆ. ಬುಲ್ಸ್‌ಗೆ ಮರಳಿದ ಆರನೇ ಆವೃತ್ತಿಯಲ್ಲಿ 271 ರೈಡ್ ಅಂಕ. 2019ರ ಜನವರಿಯ ಫೈನಲ್‌ನಲ್ಲಿ ಅದೇ ಗುಜರಾತ್ ವಿರುದ್ಧ 22 ಅಂಕ ತಂದು ಬೆಂಗಳೂರಿಗೆ ಕಪ್ ಕೊಡಿಸಿದರು.

ಆಟಗಾರ ಅವನೇ, ಒಂದು ವರ್ಷದಲ್ಲಿ ಕೈಕಾಲು ಬದಲಾಗಲಿಲ್ಲ. ತಂಡ ಬದಲಾಯಿತು, ಕೊಟ್ಟ ಜವಾಬ್ದಾರಿ ಬದಲಾಯಿತು. ಒಬ್ಬನ ಸಾಮರ್ಥ್ಯ ಎನ್ನುವುದರಲ್ಲಿ ಅರ್ಧ ಅವನದು, ಅರ್ಧ ಅವನನ್ನು ನಿಲ್ಲಿಸಿದ ಜಾಗದ್ದು. ಡಿಫೆಂಡರ್‌ಗಳ ವಿಷಯದಲ್ಲಿ ಇದು ಇನ್ನೂ ನಿಜ, ಯಾಕೆಂದರೆ ಅವರು ಜೋಡಿಯಾಗಿ ಆಡುವವರು. ಆ ಜೋಡಿ ಕಟ್ಟುವುದು ತರಬೇತುದಾರನ ಕೆಲಸ. ಕರ್ನಾಟಕದವರೇ ಆದ ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್ ತರಬೇತಿಯಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಕಪ್ ಗೆದ್ದವು. ಪುಣೆ ಗೆದ್ದ ಆ ಫೈನಲ್‌ನ ಅಂಕ 28–25. ಇಷ್ಟು ಕಡಿಮೆ ಅಂಕದ ಫೈನಲ್ ಎಂದರೆ ಎರಡೂ ಕಡೆಯ ಡಿಫೆಂಡರ್‌ಗಳು ಕಾದು ಕೂತು ಆಡಿದ್ದಾರೆ ಎಂದರ್ಥ.

ಡಿಫೆಂಡರ್‌ಗೆ ಬೆಲೆ ಬಂದಿರುವುದೂ ಈಚೆಗೆ. 2014ರ ಮೊದಲ ಹರಾಜಿನಲ್ಲಿ ಅತಿ ದುಬಾರಿ ಆಟಗಾರನ ಬೆಲೆ 12.80 ಲಕ್ಷ ರೂಪಾಯಿ. 2023ರಲ್ಲಿ ಇರಾನಿನ ಎಡ ಮೂಲೆ ಆಟಗಾರ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೆ ಕೊಟ್ಟದ್ದು 2.35 ಕೋಟಿ, ಅವರದೇ ದೇಶದ ಫಜಲ್ ಅತ್ರಾಚಲಿಗೆ ಗುಜರಾತ್ ಕೊಟ್ಟದ್ದು 1.60 ಕೋಟಿ.

ಹುಡುಗರನ್ನು ಅಳೆಯುವ ಈ ಚಾಳಿ ನಮ್ಮದಷ್ಟೇ ಅಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಇದೊಂದು ದೊಡ್ಡ ಉದ್ಯಮ. ಅಲ್ಲಿ 'ಲೈನ್‌ಬ್ಯಾಕರ್' ಎಂಬ ಸ್ಥಾನವಿದೆ; ರಕ್ಷಣೆಯ ಎರಡನೇ ಸಾಲಿನಲ್ಲಿ ನಿಂತು, ಎದುರಾಳಿ ಚೆಂಡು ಹಿಡಿದು ಓಡುತ್ತಾನೋ ಎಸೆಯುತ್ತಾನೋ ಎಂದು ಕ್ಷಣದಲ್ಲಿ ಓದಿ ಮೇಲೆ ಬೀಳುವವನು. ನಮ್ಮ ಕವರ್ ಆಟಗಾರನ ಕೆಲಸಕ್ಕೆ ತೀರಾ ಹತ್ತಿರ. ಹೈಸ್ಕೂಲ್ ಹುಡುಗರಿಗೇ ಐದರ ತನಕ ನಕ್ಷತ್ರ ಕೊಡುತ್ತಾರೆ; ಯಾವ ಕಾಲೇಜು ಯಾರನ್ನು ಸೇರಿಸಿಕೊಳ್ಳುತ್ತದೆ ಎಂದು ಅಭಿಮಾನಿಗಳು ತಿಂಗಳುಗಟ್ಟಲೆ ವಾದ ಮಾಡುತ್ತಾರೆ. ಒಟ್ಟಾರೆ ಲೆಕ್ಕದಲ್ಲಿ ಆ ನಕ್ಷತ್ರಗಳು ಸುಳ್ಳಾಗುವುದಿಲ್ಲ. ಐದು ನಕ್ಷತ್ರದವರಲ್ಲಿ ವೃತ್ತಿಪರ ಲೀಗ್ ಮುಟ್ಟುವವರ ಪ್ರಮಾಣ ಎರಡು ನಕ್ಷತ್ರದವರಿಗಿಂತ ಬಹಳ ಹೆಚ್ಚು. ಆದರೆ ಒಬ್ಬೊಬ್ಬನ ವಿಷಯಕ್ಕೆ ಬಂದಾಗ ಎಡವುತ್ತವೆ. ಖಲೀಲ್ ಮ್ಯಾಕ್ ಎಂಬ ಲೈನ್‌ಬ್ಯಾಕರ್‌ಗೆ ಸಿಕ್ಕಿದ್ದು ಎರಡೇ ನಕ್ಷತ್ರ. ದೊಡ್ಡ ಕಾಲೇಜುಗಳು ಕರೆಯಲಿಲ್ಲ, ಬಫಲೊ ವಿಶ್ವವಿದ್ಯಾಲಯಕ್ಕೆ ಹೋದರು. 2014ರಲ್ಲಿ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ಐದನೆಯವರಾಗಿ ಆಯ್ಕೆಯಾದರು, 2016ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರಾದರು. ಹದಿನೇಳರಲ್ಲಿ ಕಾಣುವುದು ಹದಿನೇಳರದ್ದು ಮಾತ್ರ.

ಇಲ್ಲಿಂದ ದಾರಿ ಎಲ್ಲಿಗೆ

ಅಳತೆ ಸರಿಯಾದರೂ ದಾರಿ ಬೇಕಲ್ಲ. ಶಾಲಾ ಹುಡುಗನಿಗೆ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಏಣಿ ಇದೆ. ಈ ಏಣಿಯ ಮೆಟ್ಟಿಲುಗಳು ಹರಪನಹಳ್ಳಿಯವರ ಕಾಲಡಿಯಲ್ಲೇ ಬದಲಾಗಿವೆ. 1997ರ ತನಕ ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು ಆಮೇಲೆ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ದಾವಣಗೆರೆಯಲ್ಲಿದ್ದಾಗ ಇಲ್ಲಿನ ಹುಡುಗರು ಬೆಂಗಳೂರು ವಿಭಾಗದವರು, ಈಗ ಕಲಬುರಗಿ ವಿಭಾಗದವರು. ಐದೂ ತಾಲ್ಲೂಕು ಒಂದೇ ಜಿಲ್ಲೆಯೊಳಗೆ ಬಂದಿರುವುದರಿಂದ ಹಡಗಲಿಯ ಮೂಲೆ ಆಟಗಾರನೂ ಕೂಡ್ಲಿಗಿಯ ಕವರ್ ಆಟಗಾರನೂ ಒಂದೇ ಜಿಲ್ಲಾ ತಂಡದಲ್ಲಿ ಜೋಡಿಯಾಗಿ ಆಡುವ ಅವಕಾಶವಿದೆ. ಸಂವಿಧಾನದ 371ಜೆ ಕಲಂನಡಿ ಶಿಕ್ಷಣ, ಉದ್ಯೋಗದ ಮೀಸಲಾತಿಯೂ ಐದಕ್ಕೂ ಅನ್ವಯಿಸುತ್ತದೆ.

ಕಾಲೇಜು ಮಟ್ಟದಲ್ಲಿ ಬಾಗಿಲು ತೆರೆಯುವುದು ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಂಥ ತಂಡಕ್ಕೆ ಆಯ್ಕೆಯಾದವನು ದಕ್ಷಿಣ ವಲಯದಲ್ಲಿ ಆಡುತ್ತಾನೆ, ಅಲ್ಲಿ ಗೆದ್ದ ತಂಡಗಳು ಅಖಿಲ ಭಾರತ ಮಟ್ಟಕ್ಕೆ ಹೋಗುತ್ತವೆ. ಕರಾವಳಿಯ ಕೆಲವು ಸಂಸ್ಥೆಗಳು ಇನ್ನೊಂದು ದಾರಿ ಹಾಕಿಕೊಟ್ಟಿವೆ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಕಾಲೇಜುಗಳು ಆಟ ಬಲ್ಲ ಮಕ್ಕಳನ್ನು ನಾಡಿನ ಬೇರೆ ಬೇರೆ ಕಡೆಯಿಂದ ಆರಿಸಿ, ಊಟ ವಸತಿ ಓದು ಕೊಟ್ಟು ಬೆಳೆಸುತ್ತವೆ. ಅಮೆರಿಕದ ಕಾಲೇಜು ಆಯ್ಕೆಗೆ ನಮ್ಮಲ್ಲಿರುವ ಹತ್ತಿರದ ರೂಪ ಇದೇ. ಪ್ರೊ ಕಬಡ್ಡಿಯಲ್ಲಿ ಮಿಂಚಿದ ಪುತ್ತೂರಿನ ಪ್ರಶಾಂತ್ ಕುಮಾರ್ ರೈ, ಸುಕೇಶ್ ಹೆಗ್ಡೆ, ಭಾರತ ಮಹಿಳಾ ತಂಡವನ್ನು ಮುನ್ನಡೆಸಿದ ಕಾರ್ಕಳದ ಮಮತಾ ಪೂಜಾರಿ ಇವರೆಲ್ಲ ಕರಾವಳಿಯವರಾಗಿರುವುದರ ಹಿಂದೆ ಅಲ್ಲಿನ ಕ್ಲಬ್ಬು, ಕಾಲೇಜು, ಪಂದ್ಯಾವಳಿಗಳ ಸರಪಳಿ ಇದೆ. ರಟ್ಟೆಯ ಬಲ ಅಲ್ಲಿ ಹೆಚ್ಚು, ಇಲ್ಲಿ ಕಡಿಮೆ ಎಂದೇನೂ ಇಲ್ಲ.

ನಮ್ಮ ಪಕ್ಕದಲ್ಲೇ, ತೋರಣಗಲ್ಲಿನ ವಿದ್ಯಾನಗರದಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ನೀರಜ್ ಚೋಪ್ರಾ ಅಂಥವರು ಬಂದು ಅಭ್ಯಾಸ ಮಾಡಿದ ಜಾಗ. ಆದರೆ ಅಲ್ಲಿ ಒತ್ತು ಇರುವುದು ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗೆ. ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಆಡುವ ಕಬಡ್ಡಿಗೆ ಅಂಥದೊಂದು ಮನೆ ಇಲ್ಲಿ ಇನ್ನೂ ಕಟ್ಟಬೇಕಿದೆ.

ಮಂಡಿಯೂ ಮಾರ್ಕ್ಸ್ ಕಾರ್ಡೂ

ಮಣ್ಣಿನಿಂದ ಮ್ಯಾಟ್‌ಗೆ ಹೋಗುವುದು ದೊಡ್ಡ ದಾಟು. ಮಣ್ಣಿನಲ್ಲಿ ಬರಿಗಾಲು ಸ್ವಲ್ಪ ಜಾರುತ್ತದೆ; ಆ ಜಾರುವಿಕೆಯೇ ಮಂಡಿಯನ್ನು ಕಾಯುತ್ತದೆ. ಮ್ಯಾಟ್ ಮೇಲೆ ಬೂಟು ಕಚ್ಚಿ ಹಿಡಿಯುತ್ತದೆ. ಮೈ ತಿರುಗಿತು, ಪಾದ ತಿರುಗಲಿಲ್ಲ ಎಂದರೆ ಹೊಡೆತ ಬೀಳುವುದು ಮಂಡಿಯ ಒಳಗಿನ ಲಿಗಮೆಂಟ್‌ಗೆ. 2022ರಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್ ಸೇರಿದ ಪವನ್ ಸೆಹ್ರಾವತ್ ಮೊದಲ ಪಂದ್ಯದಲ್ಲೇ ಮಂಡಿ ಪೆಟ್ಟು ಮಾಡಿಕೊಂಡು ಇಡೀ ಆವೃತ್ತಿ ಹೊರಗೆ ಕೂತರು. ಅವರ ಹಿಂದೆ ವೈದ್ಯರಿದ್ದರು, ಫಿಸಿಯೊ ಇದ್ದರು, ಹಣವಿತ್ತು. ಮರು ವರ್ಷ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ನಾಯಕರಾಗಿ ಚಿನ್ನ ಗೆದ್ದರು. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮ ಗುಳೆ ಹೋಗುವ ಮನೆಯ ಹುಡುಗನಿಗೆ ಅದೇ ಪೆಟ್ಟು ಬಿದ್ದರೆ ಎಣ್ಣೆ ನೀವಿ, ಪಟ್ಟಿ ಕಟ್ಟಿ, ಮುಂದಿನ ವಾರ ಮತ್ತೊಂದು ಊರಿನ ಜಾತ್ರೆಗೆ ಆಡಲು ಕರೆದೊಯ್ಯುವವರೇ ಹೆಚ್ಚು. ಒಂದೇ ವಾರದಲ್ಲಿ ಮೂರು ಊರಿನ ಪಂದ್ಯಾವಳಿ ಆಡುವ ಹುಡುಗನ ಪ್ರತಿಭೆ ಹೆಚ್ಚುವುದಿಲ್ಲ, ಮಂಡಿ ಸವೆಯುತ್ತದೆ.

ಜಾತ್ರೆಯ ಕಾಲಕ್ಕೂ ಪಿಯುಸಿ, ಪದವಿ ಪರೀಕ್ಷೆಗಳ ಕಾಲಕ್ಕೂ ಹೆಚ್ಚು ಅಂತರವಿಲ್ಲ ಎಂಬುದನ್ನೂ ಮರೆಯಬಾರದು. ಅಂತರ ವಿಶ್ವವಿದ್ಯಾಲಯ ಆಡಲು ಕಾಲೇಜಿನ ವಿದ್ಯಾರ್ಥಿಯಾಗಿ ಉಳಿದಿರಬೇಕು. ಪೊಲೀಸ್ ಇಲಾಖೆಯ ಕ್ರೀಡಾ ಕೋಟಾಕ್ಕೆ ವಿದ್ಯಾರ್ಹತೆಯೂ ಬೇಕು, ಆಟದ ಪ್ರಮಾಣಪತ್ರವೂ ಬೇಕು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ಭಾರತ ಮಹಿಳಾ ತಂಡದ ಉಷಾರಾಣಿ ಕರ್ನಾಟಕ ಪೊಲೀಸ್ ಸಿಬ್ಬಂದಿ. ಪ್ರೊ ಕಬಡ್ಡಿ ಸೇರುವವರು ಕೈಬೆರಳ ಲೆಕ್ಕಕ್ಕೆ ಸಿಗುವಷ್ಟು. ಆಟದ ಬಲದ ಮೇಲೆ ಖಾಯಂ ಕೆಲಸ ಹಿಡಿದು ಮನೆ ನಿಲ್ಲಿಸಿಕೊಂಡವರು ಅದಕ್ಕಿಂತ ಎಷ್ಟೋ ಹೆಚ್ಚು. "ಪ್ರೊ ಕಬಡ್ಡಿಗೆ ಹೋಗ್ತಾನೆ" ಎಂದು ಹೊಗಳಿ ಓದು ಬಿಡಿಸಿದರೆ ಈ ಎರಡನೇ ದಾರಿಯನ್ನೂ ನಾವೇ ಮುಚ್ಚಿದಂತೆ. ಹುಡುಗಿಯರ ವಿಷಯದಲ್ಲಂತೂ ಅಳತೆಯ ಮಾತು ಶುರುವಾಗುವ ಮೊದಲೇ ಆಟ ನಿಂತಿರುತ್ತದೆ. ಹೈಸ್ಕೂಲಿನಲ್ಲಿ ತಾಲ್ಲೂಕು ಗೆದ್ದ ಹುಡುಗಿಗೆ ಪಿಯುಸಿಯಲ್ಲಿ ಅಂಕಣವೇ ಇರುವುದಿಲ್ಲ.

ಮಾಡಬಹುದಾದ ಕೆಲಸ

ಇದಕ್ಕೆಲ್ಲ ಕೋಟಿ ರೂಪಾಯಿಯ ಯೋಜನೆ ಬರುವ ತನಕ ಕಾಯಬೇಕಿಲ್ಲ. ಪಂದ್ಯಾವಳಿ ನಡೆಸುವ ಸಂಘಗಳು ಟ್ರೋಫಿಯ ಎತ್ತರವನ್ನು ಒಂದಡಿ ಇಳಿಸಿ, ಒಬ್ಬ ಫಿಸಿಯೊವನ್ನೋ ಕನಿಷ್ಠ ಪ್ರಥಮ ಚಿಕಿತ್ಸೆ ಬಲ್ಲವರನ್ನೋ ಅಂಕಣದ ಪಕ್ಕ ಕೂರಿಸಲಿ. 'ಉತ್ತಮ ಕ್ಯಾಚರ್' ಬಹುಮಾನವನ್ನು ಹಿಡಿತದ ಸಂಖ್ಯೆಯ ಮೇಲೆ ಕೊಡುವ ಬದಲು, ಗೆದ್ದ ಹಿಡಿತದಲ್ಲಿ ಸೋತ ಹಿಡಿತ ಕಳೆದು ಉಳಿದದ್ದರ ಮೇಲೆ ಕೊಡಲಿ. ಒಂದೇ ವರ್ಷದಲ್ಲಿ ಹುಡುಗರ ಆಟ ಬದಲಾಗುತ್ತದೆ. ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬ ಹುಡುಗನನ್ನು ಒಂದು ಪಂದ್ಯದಿಂದ ಅಳೆಯದೆ ಒಂದು ಇಡೀ ಋತುವಿನ ಲೆಕ್ಕದಿಂದ ಅಳೆಯಲಿ. ಆ ಲೆಕ್ಕದ ಹಾಳೆ ಹಿಡಿದು ಹೋದ ಹುಡುಗನ ಮಾತನ್ನು ಮೂಡುಬಿದಿರೆಯಲ್ಲೂ ಕೇಳುತ್ತಾರೆ, ಪೊಲೀಸ್ ಆಯ್ಕೆಯಲ್ಲೂ ಕೇಳುತ್ತಾರೆ. "ನಮ್ಮೂರಲ್ಲಿ ಇವನಷ್ಟು ಹಿಡಿಯೋರು ಯಾರೂ ಇಲ್ಲ" ಎಂಬ ಶಿಫಾರಸಿಗೆ ಅಲ್ಲಿ ಬೆಲೆಯಿಲ್ಲ.

ನೋಡುವವರಾದ ನಾವು ಮಾಡಬೇಕಾದದ್ದು ಇನ್ನೂ ಸುಲಭ. ಮುಂದಿನ ಪಂದ್ಯಾವಳಿಗೆ ಒಂದು ನೂರು ಪುಟದ ನೋಟ್‌ಬುಕ್ಕು, ಒಂದು ಪೆನ್ನು ತೆಗೆದುಕೊಂಡು ಹೋಗಿ. ಒಬ್ಬನೇ ಡಿಫೆಂಡರ್‌ನನ್ನು ಆರಿಸಿಕೊಂಡು ಮೂರು ಕಾಲಂ ಹಾಕಿ: ಹಿಡಿದದ್ದು, ಬಿಟ್ಟದ್ದು, ಬೇಕೆಂದೇ ಕೈಹಾಕದೆ ರೈಡರ್‌ನನ್ನು ಬರಿಗೈಲಿ ಕಳಿಸಿದ್ದು. ಐದು ಪಂದ್ಯದ ಲೆಕ್ಕ ಕೈಯಲ್ಲಿ ಇಲ್ಲದೆ ಯಾವ ಹುಡುಗನ ಬಗ್ಗೆಯೂ ಆಗ್ತಾನೆ ಅಂತಲೂ ಹೇಳಬೇಡಿ, ಆಗಲ್ಲ ಅಂತಲೂ ಹೇಳಬೇಡಿ.